ಅಪ್ಪನ ಪಿಕಪ್ಪಿಗೆ ಹೊಸ ಬ್ರೇಕು

ಶ್ರೀನಿವಾಸಪುರ
12–3–2025, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಕದಿರೇಶನಿಗೆ, ನಿನ್ನ ಅಕ್ಕ ಸುನಂದ ಬರೆಯುತ್ತಿರುವುದು.

ಹೇಗಿದ್ದೀಯಪ್ಪಾ? ಚಳಿಗಾಲದಲ್ಲಿ ಭುಜದ ಮೂಳೆ ಸೆಳೆಯುತ್ತಿತ್ತಲ್ಲ, ಈಗ ಬಿಸಿಲು ಬಂದಿದೆ, ಕಡಿಮೆಯಾಗಿರಬೇಕು. ಕೈ ನಡುಗುವುದು ನಿಂತಿದೆ ಎಂದು ಅಲ್ಲಿಯ ಮೇಡಂ ಹೇಳಿದರು. ನಿದ್ದೆ ಬರುತ್ತದೆಯೇ? ಮುದ್ದೆ ಕೊಡುತ್ತಾರೋ ಬರೀ ಅನ್ನವೋ? ಅಮ್ಮ ದಿನಕ್ಕೆ ನಾಲ್ಕು ಸಲ "ಪಿಲ್ಲೋಡು ಮುದ್ದ ತಿಂಟುನ್ನಾಡಾ" ಎಂದು ಕೇಳುತ್ತಾಳೆ. ನಲವತ್ತೊಂದು ವರ್ಷದ ಗಂಡಸು ಅವಳಿಗೆ ಇನ್ನೂ ಪಿಲ್ಲೋಡು, ಹಾಲು ಕುಡಿಯುವ ಕೂಸು. ತಿನ್ನುತ್ತಿದ್ದಾನಮ್ಮಾ ಎಂದು ನಾನು ಕೂಗಿ ಹೇಳಬೇಕು, ಅವಳಿಗೆ ಕಿವಿ ಇನ್ನೂ ಮಂದವಾಗಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ನನಗೆ ಸಾಕಾಗಿದೆ ಕಣೋ. ಮಾಲೂರಿನ ನಿಮ್ಮ ಕುಡಿತ ಬಿಡಿಸುವ ಕೇಂದ್ರದಲ್ಲಿ ಮೂರು ತಿಂಗಳು ಮುಗಿಯುವವರೆಗೆ ಫೋನ್ ಕೈಗೆ ಕೊಡುವುದಿಲ್ಲವಂತೆ, ಕಾಗದವಾದರೆ ಕೊಡುತ್ತಾರಂತೆ. ಅದಕ್ಕೇ ಎಸ್ಸೆಸ್ಸೆಲ್ಸಿ ಪರೀಕ್ಷೆಯಾದ ಮೇಲೆ ಮೊದಲ ಸಲ ಇಷ್ಟು ದೊಡ್ಡದಾಗಿ ಬರೆಯಲು ಕೂತಿದ್ದೇನೆ. ಅಕ್ಷರ ಕೋಳಿಕಾಲಿನಂತಿದ್ದರೆ ನಗಬೇಡ.

ಮೇಡಂ ಇನ್ನೊಂದು ಮಾತನ್ನೂ ಹೇಳಿದರು. ಯುಗಾದಿಗೆ ನಿನ್ನನ್ನು ಬಿಡುತ್ತಾರಂತೆ. ಆದರೆ ನೀನು ಮನೆಗೆ ಬರುವುದಿಲ್ಲ, ಅಲ್ಲಿಂದ ಹಾಗೇ ಹೊಸೂರಿಗೆ ಹೋಗಿ ಯಾವುದೋ ಗೋಡೌನಿನಲ್ಲಿ ಮೂಟೆ ಹೊರುತ್ತೀಯಂತೆ. "ಊರಲ್ಲಿ ನಂಗ್ಯಾರೂ ಇಲ್ಲ ಮೇಡಂ, ಸ್ಟೇರಿಂಗ್ ಅಂತೂ ಈ ಜನ್ಮಕ್ಕೆ ಮುಟ್ಟಲ್ಲ" ಎಂದೆಯಂತೆ. ಫೋನಿಟ್ಟ ಮೇಲೆ ಒಲೆಯ ಮೇಲಿನ ಸಾರು ಸೀದುಹೋಗುವವರೆಗೆ ನಿಂತಲ್ಲೇ ನಿಂತಿದ್ದೆ. ಯಾರೂ ಇಲ್ಲ ಅಂತೀಯಲ್ಲೋ, ನಾನು ಸತ್ತಿದ್ದೀನಾ? ಬೈಯಬಾರದು ಎಂದುಕೊಂಡೇ ಬರೆಯಲು ಕೂತೆ, ಆದರೂ ಬಾಯಿ ಕೇಳುವುದಿಲ್ಲ. ನೀನು ಮನೆಗೆ ಬರಬೇಕು, ನಿನ್ನ ಗಾಡಿಯನ್ನು ನೀನೇ ಓಡಿಸಬೇಕು. ಈ ಕಾಗದ ಬರೆಯುತ್ತಿರುವುದು ಅದೊಂದಕ್ಕೇ. ಪೂರ್ತಿ ಓದು, ನಡುವೆ ಮಡಚಿ ದಿಂಬಿನ ಕೆಳಗೆ ಇಡಬೇಡ.

ಗಾಡಿ ಮಾರಿಲ್ಲ. ಸಂಕ್ರಾಂತಿಯಾದ ಮೇಲೆ ಬೆಂಗಳೂರಿನಿಂದ ಒಬ್ಬ ಬಂದಿದ್ದ, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡವನು. ಅಪ್ಪ ಎಂಬತ್ತಾರರಲ್ಲಿ ತಂದ ಜೀಪ್ ಮೂತಿಯ ಪಿಕಪ್ ಈಗ ಹುಡುಕಿದರೂ ಸಿಗುವುದಿಲ್ಲವಂತೆ, ಕ್ಲಾಸಿಕ್ ಅಂತೆ. ತಗಡಿನ ಕೆಳಗೆ ಮೂತಿ ಜಜ್ಜಿಕೊಂಡು ಬಿದ್ದಿದ್ದ ಅದರ ಸುತ್ತ ಮೂರು ಸುತ್ತು ಬಂದು ಫೋಟೋ ತೆಗೆದ. ಏನು ಮಾಡ್ತೀಯಪ್ಪಾ ಇದನ್ನ ಎಂದು ಕೇಳಿದರೆ, ಹೈವೇ ಪಕ್ಕದ ಹೋಟೆಲಿನ ಮುಂದೆ ನಿಲ್ಲಿಸಿ, ಹಿಂದಿನ ತೊಟ್ಟಿಗೆ ಮಣ್ಣು ತುಂಬಿ ಹೂವಿನ ಗಿಡ ಹಾಕುತ್ತಾನಂತೆ. ನಮ್ಮಮ್ಮನಿಗೆ ಬೇರೇನೂ ಕೇಳಿಸುವುದಿಲ್ಲ, ಅದೊಂದು ಹೇಗೋ ಕೇಳಿಸಿಬಿಟ್ಟಿತು. "ಮಾ ಆಯನ ಬಂಡಿಲೋ ಮಟ್ಟಿ ಪೋಸ್ತಾಡಂಟನಾ" ಎಂದು ಕೋಲು ಹುಡುಕತೊಡಗಿದಳು. ಯಜಮಾನರ ಗಾಡಿಗೆ ಮಣ್ಣು ಹಾಕುವವನು ಯಾರವನು ಎಂದು. ಅವನು ಕಾರು ಹತ್ತಿ ಹೊರಟೇಹೋದ. ಏಳು ತಿಂಗಳಲ್ಲಿ ನಾನು ನಕ್ಕಿದ್ದು ಅವತ್ತೊಂದು ದಿನ.

ಮಾರುವುದಿಲ್ಲ ಎಂದ ಮೇಲೆ ಸುಮ್ಮನೆ ತುಕ್ಕು ಹಿಡಿಯಲು ಬಿಡುವುದಕ್ಕೂ ಮನಸ್ಸಾಗಲಿಲ್ಲ. ಮುಳಬಾಗಿಲಿನ ಪ್ಯಾರೇಜಾನ್ ಮೇಸ್ತ್ರಿ ಗೊತ್ತಲ್ಲ, ಅಪ್ಪನ ಕಾಲದಲ್ಲಿ ಹಬ್ಬಕ್ಕೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವರು. ಈಗ ವಯಸ್ಸಾಗಿದೆ, ಮಂಡಿ ನೋವು, ಗಾಡಿಯ ಕೆಳಗೆ ಮಲಗಿದರೆ ಏಳಲು ಇಬ್ಬರು ಕೈ ಕೊಡಬೇಕು. ಗಾಡಿಯನ್ನು ಎಳೆಸಿಕೊಂಡು ಹೋಗಿ ಅವರ ಶೆಡ್ಡಿನಲ್ಲಿ ಬಿಟ್ಟು, "ಭಾಯಿ, ಮೂತಿ ಹೆಂಗಾದ್ರೂ ಇರ್ಲಿ, ಇದು ಇನ್ಮೇಲೆ ಒತ್ತಿದ ಕಡೆ ನಿಲ್ಲಬೇಕು" ಎಂದೆ. ಅವರು ಕೆಳಗೆ ತೂರಿದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಗೇಣುದ್ದದ ರಬ್ಬರ್ ಪೈಪು ಇತ್ತು, ಒಂದು ತುದಿ ಸೀಳಿಹೋದದ್ದು. ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಹೋಗುವ ಪೈಪು ಅದು.

ಇಲ್ಲಿ ನಿಲ್ಲಿಸಿ, ಆ ದಿನದ ಮಾತು ಬರೆಯುತ್ತೇನೆ. ಜೂನ್ ತಿಂಗಳಿಂದ ನಾವಿಬ್ಬರೂ ಒಂದು ಸಲವೂ ಎದುರುಬದುರು ಕೂತು ಅದನ್ನು ಮಾತಾಡಲಿಲ್ಲ. ನೀನು ತೋತಾಪುರಿ ತುಂಬಿಕೊಂಡು ಚಿತ್ತೂರಿನ ಕಡೆ ಜ್ಯೂಸ್ ಫ್ಯಾಕ್ಟರಿಗೆ ಹೊರಟಿದ್ದೆ. ಪಕ್ಕದ ಮನೆಯ ಮುನಿಕೃಷ್ಣ ಕ್ರೇಟುಗಳ ಮೇಲೆ ಕೂತಿದ್ದ. ತೂಕದ ಚೀಟಿ ಮರೆತು ಹೋಗಿದ್ದೆಯೆಂದು ನಾನು ಹಿಂದೆ ಆಟೋದಲ್ಲಿ ಬರುತ್ತಿದ್ದೆ. ಮುಳಬಾಗಿಲು ರಸ್ತೆಯ ಆ ಇಳಿಜಾರಿನಲ್ಲಿ ನಿನ್ನ ಗಾಡಿ ನನ್ನ ಕಣ್ಣೆದುರಿಗೇ ಓಡತೊಡಗಿತು. ಕೆಳಗೆ ಬಸ್ಸಿಗೆ ಕಾಯುವ ಜನ, ಸ್ಕೂಲ್ ಮಕ್ಕಳು. ನೀನು ಹುಣಸೆಮರದ ಕಡೆ ತಿರುಗಿಸಿದೆ. ಮುನಿಕೃಷ್ಣ ಹಾರಿಬಿದ್ದು ತೊಡೆಯ ಮೂಳೆ ಮುರಿಯಿತು, ನಿನಗೆ ಭುಜ. ರಸ್ತೆ ತುಂಬ ಮಾವಿನಕಾಯಿ. "ಅಕ್ಕಾ, ಪೆಡಲ್ ನೆಲಕ್ಕೆ ಹೋಯ್ತು, ಎಷ್ಟು ಒತ್ತಿದ್ರೂ ಬರ್ಲಿಲ್ಲ" ಎಂದೆ ನೀನು. ಅಷ್ಟರಲ್ಲಿ ಜನ ಸೇರಿ "ಕುಡ್ದಿದಾನೆ, ಕುಡ್ದಿದಾನೆ" ಎಂದು ಶುರು ಮಾಡಿಯಾಗಿತ್ತು. ಆಸ್ಪತ್ರೆಗೆ ಸಾಗಿಸುವ ಗಲಾಟೆ, ಆಮೇಲೆ ಊರ ಹಿರಿಯರು ಕೂತು ಸ್ಟೇಷನ್ನಿಗೆ ಹೋಗುವುದು ಬೇಡ ಎಂದು ಮುನಿಕೃಷ್ಣನ ಮನೆಯವರನ್ನು ಒಪ್ಪಿಸಿದ್ದು. ಆ ಒಪ್ಪಂದದಲ್ಲೂ ಮೊದಲ ಮಾತು "ಕುಡುಕನ ಕೈಗೆ ಗಾಡಿ ಕೊಡಬಾರದು" ಅಂತಲೇ. ಎಲ್ಲರಂತೆ ನಾನೂ ಹಾಗೇ ಅಂದುಕೊಂಡೆ. ಹತ್ತು ವರ್ಷ ನಿನ್ನನ್ನು ಚರಂಡಿಯಿಂದ ಎತ್ತಿ ತಂದವಳು ನಾನು, ಬೇರೆ ಏನಂದುಕೊಳ್ಳಲಿ?

ಪ್ಯಾರೇಜಾನ್ ಆ ಪೈಪನ್ನು ನನ್ನ ಕೈಗಿಟ್ಟು, ಮಾವಿನ ಸೀಸನ್ನಿಗೆ ಹಾಕಿಸಿದ್ದ ಹೆಚ್ಚುವರಿ ಕಮಾನ್ ಪಟ್ಟೆಗಳನ್ನು, ಭಾರ ಹೊರುವ ಆ ಸ್ಪ್ರಿಂಗ್ ಪಟ್ಟಿಗಳನ್ನು, ತೋರಿಸಿದರು. ನಮ್ಮ ಸೀಮೆಯ ಹುಚ್ಚು ನಿನಗೆ ಗೊತ್ತೇ ಇದೆ. ಮೇ ತಿಂಗಳು ಬಂತೆಂದರೆ ಹಿಂದಿನ ಚಕ್ರದ ಕಮಾನಿಗೆ ಎರಡೆರಡು ಪಟ್ಟೆ ಹೆಚ್ಚಿಗೆ ಹಾಕಿಸುವುದು, ಎರಡರಷ್ಟು ಲೋಡು ಹೊರುವುದು, ಮಾವು ಮುಗಿದ ಮೇಲೆ ಬಿಚ್ಚಿಸಿ ಅಟ್ಟಕ್ಕೆ ಹಾಕುವುದು. ಅಪ್ಪನೂ ಮಾಡುತ್ತಿದ್ದ, ಊರಿಗೆ ಊರೇ ಮಾಡುತ್ತದೆ. ಈ ಸಲದ ಪಟ್ಟೆ ಮಾತ್ರ ದಪ್ಪದ್ದು, ಗಾಡಿಯ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತ್ತು. ಗಾಡಿ ಎದ್ದಿತು, ಪೈಪು ಉದ್ದವಾಗಲಿಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಎಳೆದು ಎಳೆದು, ಕತ್ತಿನ ಹತ್ತಿರ ಬಿರುಕು ಬಿಟ್ಟಿದೆ. ಆ ಇಳಿಜಾರಿನಲ್ಲಿ ನೀನು ಜೋರಾಗಿ ಒತ್ತಿದಾಗ ಪೂರ್ತಿ ಸೀಳಿ, ಆಯಿಲೆಲ್ಲ ಹೊರಗೆ. ಹಳೇ ಗಾಡಿಯಾದ್ದರಿಂದ ನಾಲ್ಕೂ ಚಕ್ರಕ್ಕೆ ಒಂದೇ ದಾರಿಯಲ್ಲಿ ಆಯಿಲ್ ಹೋಗುತ್ತದಂತೆ, ಒಂದು ಕಡೆ ಒಡೆದರೆ ನಾಲ್ಕು ಕಡೆಯೂ ಸೊನ್ನೆ. "ನಮ್ ಜನ ಹೊರೋಕೆ ಪಟ್ಟೆ ಹಾಕಿಸ್ತಾರಕ್ಕಾ, ನಿಲ್ಸೋಕೆ ಅಂತ ಒಬ್ರೂ ಬರಲ್ಲ" ಎಂದರು. ಆಮೇಲೆ ಗೇರ್ ತೋರಿಸಿದರು. ಹುಣಸೆಮರಕ್ಕೆ ಗುದ್ದಿದಾಗ ಎಲ್ಲಿತ್ತೋ ಅಲ್ಲೇ ಸಿಕ್ಕಿಕೊಂಡಿತ್ತು, ಎರಡನೇ ಗೇರಿನಲ್ಲಿ. ಅಷ್ಟು ಓಟದಲ್ಲಿ ಹಳೇ ಗಾಡಿಯನ್ನು ಎರಡನೆಯದಕ್ಕೆ ಇಳಿಸುವುದು ಕುಡಿದವನ ಕೈಲಾಗುವ ಕೆಲಸವಲ್ಲವಂತೆ.

ಪಟ್ಟೆ ಹಾಕಿಸಿದ್ದು ನಾನು. ನೀನು ಹೆಂಡತಿ ಅನಿತಳನ್ನು ಕರೆದುಕೊಂಡು ಅವಳ ಚಿಕ್ಕಪ್ಪನ ಮನೆಯ ಮದುವೆಗೆ ಹೋಗಿದ್ದಾಗ, ಬೇರೊಬ್ಬ ಡ್ರೈವರಿನಿಂದ ಗಾಡಿಯನ್ನು ಕೋಲಾರಕ್ಕೆ ಓಡಿಸಿಕೊಂಡು ಹೋಗಿ. ಅದು ನಿನಗೆ ಗೊತ್ತು. ಗೊತ್ತಿಲ್ಲದಿರುವುದು ಇದು: ಪಟ್ಟೆ ಹಾಕಿದವನು "ಅಕ್ಕಾ, ಹಿಂದ್ಗಡೆ ಬ್ರೇಕ್ ಪೈಪ್ ಬಿಗಿಯಾಗ್ತೈತೆ, ಉದ್ದದ್ದು ಹಾಕ್ಸಿಬಿಡಿ" ಎಂದು ಹೇಳಿದ್ದ. ಅವನ ಹತ್ತಿರ ಆ ಪೈಪು ಇರಲಿಲ್ಲ, ಮರುದಿನ ಬರಬೇಕಿತ್ತು. ಮರುದಿನ ಎರಡು ಲೋಡು ಒಪ್ಪಿಕೊಂಡಿದ್ದೆ. ಸೀಸನ್ ಮುಗಿಯಲಿ, ಹೇಗೂ ಪಟ್ಟೆ ಬಿಚ್ಚಿಸಲು ಬರುತ್ತೇನಲ್ಲ, ಆಗ ನೋಡೋಣ ಎಂದೆ. ನಿನಗೂ ಹೇಳಲಿಲ್ಲ, ಹೇಳಿದರೆ ಗಾಡಿ ನಿಲ್ಲಿಸುತ್ತೀಯೆಂದು. ತಪ್ಪು ನನ್ನದು ಕಣೋ ಕದಿರೇಶ. ನೀನು ಓಡಿಸಿದ್ದು ಬ್ರೇಕ್ ಇಲ್ಲದ ಗಾಡಿ. ಅದರಲ್ಲೂ ಬಸ್ ಸ್ಟಾಪಿನ ಅಷ್ಟು ಜನರನ್ನು ಉಳಿಸಿದೆ.

ಇನ್ನು ಗಾಡಿಗೆ ಏನೇನು ಮಾಡಿಸಿದ್ದೇನೆ ಎಂದು ಕೇಳು. ಎರಡು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಮುಳಬಾಗಿಲಿನ ಬಸ್ಸು, ನನ್ನ ಸೊಂಟ ಬಿದ್ದುಹೋಗಿದೆ. ಹೆಚ್ಚುವರಿ ಪಟ್ಟೆಗಳನ್ನು ಬಿಚ್ಚಿಸಿ ಗುಜರಿಗೆ ಹಾಕಿಸಿದೆ, ಅಟ್ಟಕ್ಕೆ ಅಲ್ಲ. ಹಳೇ ಪಟ್ಟೆಗಳು ನಲವತ್ತು ವರ್ಷ ಹೊತ್ತು ಹೊತ್ತು ಚಪ್ಪಟೆಯಾಗಿದ್ದವು, ಅವನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಾಗು ಕೊಡಿಸಿದೆವು. ನಡುವೆ ಎರಡು ಸವೆದಿದ್ದವು, ಅವು ಹೊಸವು. ಪಟ್ಟೆಯ ತುದಿಯ ರಬ್ಬರ್ ಬುಷ್ಷುಗಳು ಪುಡಿಪುಡಿ ಉದುರಿದವು. ಶಾಕ್ ಅಬ್ಸಾರ್ಬರ್ ಬಿಚ್ಚಿದರೆ ಬರೀ ಕೊಳವೆ, ಒಳಗೆ ಏನೂ ಇಲ್ಲ. ಅಪ್ಪ ಯಾಕೆ ಯಾವಾಗಲೂ ಬೆನ್ನು ನೋವು ಅನ್ನುತ್ತಿದ್ದ ಅಂತ ಈಗ ಗೊತ್ತಾಯಿತು ನೋಡು. ಈಗ ನಾಲ್ಕೂ ಕಡೆ ಹೊಸದು. ತೊಟ್ಟಿಯ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಸಿದ್ದೇನೆ, ಕ್ರೇಟು ಆ ಗೆರೆ ದಾಟಬಾರದು. ಮಾವಿನ ಮಂಡಿಯವರು ನಗುತ್ತಾರೆ. ನಗಲಿ, ಅವರ ತೊಡೆ ಮುರಿದಿಲ್ಲ.

ಬ್ರೇಕಿನದೇ ದೊಡ್ಡ ಕಥೆ. ಮುಂದಿನ ಚಕ್ರಗಳ ಹಳೇ ಡ್ರಮ್ ತೆಗೆದು ಡಿಸ್ಕ್ ಹಾಕಬೇಕು ಎಂದರು ಪ್ಯಾರೇಜಾನ್. ಮೋಟಾರ್ ಸೈಕಲ್ಲಿಗೆ ಇರುತ್ತದಲ್ಲ ತಟ್ಟೆ, ಅಂಥದ್ದು, ದೊಡ್ಡದು. ಗುಜರಿಗೆ ಬಂದಿದ್ದ ಈಚಿನ ಜೀಪಿನ ಡಿಸ್ಕು ಸಿಕ್ಕಿತು, ಆದರೆ ನಮ್ಮ ಗಾಡಿಯ ಆಕ್ಸಲ್ಲಿಗೆ ಕೂರಲಿಲ್ಲ. ನಡುವೆ ಒಂದು ಕಬ್ಬಿಣದ ಬ್ರಾಕೆಟ್ ಬೇಕು. ಅದನ್ನು ಮಾಡಿಸಲು ವೇಮಗಲ್ಲಿನ ಇಂಡಸ್ಟ್ರಿಯಲ್ ಏರಿಯಾಕ್ಕೆ ಮೂರು ಸಲ ಹೋದೆ. ಲೇತ್ ಕೆಲಸದ ಗಂಗಾಧರ್ ಅನ್ನುವವನು ಮೊದಲು ನನ್ನನ್ನು ನೋಡಿ "ಗಂಡಸ್ರು ಯಾರೂ ಇಲ್ವಾಮ್ಮ" ಎಂದ. ಇದ್ದಾರೆ, ಅವರೆಲ್ಲ ಕೂತು ಮಾತಾಡ್ತಿದ್ದಾರೆ, ನೀನು ಅಳತೆ ತಗೋ ಎಂದೆ. ಮೊದಲ ಸಲ ಮಾಡಿದ್ದು ಕೂದಲೆಳೆಯಷ್ಟು ಸೊಟ್ಟ, ಡಿಸ್ಕು ಉಜ್ಜುತ್ತಿತ್ತು. ಎರಡನೆಯದರಲ್ಲಿ ತೂತು ತಪ್ಪಿತ್ತು. ಮೂರನೆಯದು ಕೂತಿತು. ಪೆಡಲಿನ ಹಿಂದೆ ಈಗ ಎರಡು ದಾರಿಯ ಮಾಸ್ಟರ್ ಸಿಲಿಂಡರ್ ಇದೆ, ಮುಂದಿನದಕ್ಕೆ ಒಂದು, ಹಿಂದಿನದಕ್ಕೆ ಒಂದು. ಒಂದು ಸತ್ತರೂ ಇನ್ನೊಂದು ಹಿಡಿಯುತ್ತದೆ. ಒತ್ತಲು ಹಗುರವಾಗಲೆಂದು ಬೂಸ್ಟರ್ ಅಂತ ಕಡಾಯಿಯಷ್ಟು ದಪ್ಪದ್ದೊಂದನ್ನು ಕೂರಿಸಿದ್ದಾರೆ. ಹಿಂದಿನ ಪೈಪು ಈಗ ಉದ್ದದ್ದು, ನಾನೇ ಬಗ್ಗಿ ಕೈ ಹಾಕಿ ನೋಡಿದೆ.

ಆಯಿಲ್ ಹಾಕಿದ ಮೇಲೆ ಪೈಪುಗಳೊಳಗಿನ ಗಾಳಿ ತೆಗೆಯಬೇಕಲ್ಲ, ನಿನಗೆ ಗೊತ್ತಿರುವ ಕೆಲಸವೇ. ಅವರ ಶೆಡ್ಡಿನಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲ, ನಾನೇ ಸೀಟಿನಲ್ಲಿ ಕೂತೆ. ಕೆಳಗಿನಿಂದ ಅವರು "ಒತ್ತಕ್ಕಾ, ಒತ್ತು, ಒತ್ತು, ಹಿಡ್ಕೋ" ಎನ್ನುತ್ತಾರೆ, ನಾನು ಒತ್ತಿ ಹಿಡಿಯುತ್ತೇನೆ, ಅವರು ಚಕ್ರ ಕೂರುವ ಜಾಗದ ನಿಪ್ಪಲ್ ಸಡಿಲಿಸುತ್ತಾರೆ. ಸಡಿಲಿಸಿದ ತಕ್ಷಣ ಪೆಡಲ್ ನನ್ನ ಕಾಲಿನ ಕೆಳಗೆ ಸೊರ್ರನೆ ನೆಲಕ್ಕೆ ಹೋಯಿತು. ಗಾಡಿ ಕಲ್ಲುಗಳ ಮೇಲೆ ನಿಂತಿದೆ, ಚಕ್ರವೇ ಇಲ್ಲ, ಆದರೂ ನನ್ನ ಎರಡೂ ಕೈ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದವು. ನಿನಗೆ ಹಿಂದೆ ಅಷ್ಟು ಲೋಡು, ಮೇಲೆ ಮುನಿಕೃಷ್ಣ, ಎದುರಿಗೆ ಮಕ್ಕಳು. ಹೀಗೇ ಹೋಗಿರಬೇಕು ಅವತ್ತು ನಿನ್ನ ಕಾಲ ಕೆಳಗೆ. ಪ್ಯಾರೇಜಾನ್ "ಬಿಡಕ್ಕಾ, ಮತ್ತೆ ಒತ್ತು" ಎಂದು ಕೂಗುತ್ತಲೇ ಇದ್ದರು, ನನ್ನಿಂದ ಕಾಲು ಎತ್ತಲಾಗಲಿಲ್ಲ. ಅವರು ಹೇಗೋ ಕಷ್ಟಪಟ್ಟು ಹೊರಗೆ ಬಂದು ನೋಡಿದರೆ ನಾನು ಅಳುತ್ತಾ ಕೂತಿದ್ದೆ. ಪಾಪ, ಟೀ ತರಿಸಿದರು. ಸಂಜೆಯವರೆಗೆ ನಾಲ್ಕೂ ಚಕ್ರಕ್ಕೆ ಅದನ್ನೇ ಮಾಡಿದೆವು. ಕೊನೆಗೆ ಪೆಡಲ್ ಅರ್ಧಕ್ಕೆ ಬಂದು ಕಲ್ಲಿನ ಹಾಗೆ ನಿಂತಿತು. ನನ್ನ ಬಲಗಾಲು ಮೂರು ದಿನ ನೋಯಿತು.

ಕಳೆದ ಶುಕ್ರವಾರ ಪರೀಕ್ಷೆ ಮಾಡಿದೆವು. ತೊಟ್ಟಿಯಲ್ಲಿ ಮರಳು ಮೂಟೆ ಹಾಕಿಕೊಂಡು, ಅದೇ ಇಳಿಜಾರಿಗೆ. ಓಡಿಸಿದ್ದು ನಾನು. ಹೌದು, ನಾನೇ. ಲೈಸೆನ್ಸ್ ಮಾಡಿಸಿ ಹದಿನೈದು ವರ್ಷವಾಯಿತು, ನೀನು ಯಾವತ್ತು ಮುಟ್ಟಲು ಬಿಟ್ಟೆ? ಪಕ್ಕದಲ್ಲಿ ಪ್ಯಾರೇಜಾನ್. ಹೊರಡುವ ಹೊತ್ತಿಗೆ ಮುನಿಕೃಷ್ಣ ಊರುಗೋಲು ಊರಿಕೊಂಡು ಬಂದು ನಾನೂ ಬರ್ತೀನಿ ಎಂದ. ಅವನ ಹೆಂಡತಿ ಬಾಯಿಗೆ ಬಂದ ಹಾಗೆ ಬೈದಳು, ಆದರೂ ಹತ್ತಿ ಕೂತ. ಅವನಿಗೆ ಹಿಂದಿನ ದಿನವೇ ಆ ಸೀಳಿದ ಪೈಪು ತೋರಿಸಿ, ಪಟ್ಟೆ ಹಾಕಿದವನು ಹೇಳಿದ ಮಾತನ್ನೂ ಹೇಳಿದ್ದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, "ಬ್ರೇಕಿಲ್ಲ, ಹಿಡ್ಕೋ ಮುನೀ ಅಂತ ಕೂಗ್ದ ಕಣಕ್ಕಾ ಅವ್ನು. ನಂಗೆ ಕೇಳಿಸ್ತು. ಕುಡುಕನ ಮಾತು ಅಂತ ನಾನ್ ಹಿಡ್ಕೊಳ್ಳೇ ಇಲ್ಲ" ಎಂದ. ಅಷ್ಟೇ ಹೇಳಿ ಒಳಗೆ ಹೋದ. ಇಳಿಜಾರಿನ ನಡುವೆ ನಾನು ಪೆಡಲ್ ಒತ್ತಿದೆ. ಮೊದಲ ಸಲ ಎಡಕ್ಕೆ ಸ್ವಲ್ಪ ಎಳೆಯಿತು, ಪ್ಯಾರೇಜಾನ್ ಇಳಿದು ಏನೋ ಸರಿಮಾಡಿದರು. ಎರಡನೇ ಸಲ ಮೂತಿ ಒಂದಿಷ್ಟು ತಗ್ಗಿಸಿ ನೆಟ್ಟಗೆ ನಿಂತಿತು. ಏಳು ಸಲ ಮೇಲೆ ಹೋಗಿ ಏಳು ಸಲ ಇಳಿದೆವು. ಬಸ್ಸಿಗೆ ಕಾಯುತ್ತಿದ್ದವರು ಇವರಿಗೇನು ಹುಚ್ಚೇ ಎಂದು ನೋಡುತ್ತಿದ್ದರು.

ಇನ್ನು ಅನಿತಳ ವಿಷಯ. ನಿನ್ನ ಹೆಂಡತಿ ಮೇಘನಳನ್ನು ಕರೆದುಕೊಂಡು ದೇವರಾಯಸಮುದ್ರದ ತವರಿನಲ್ಲೇ ಇದ್ದಾಳೆ. ಮಗು ಚೆನ್ನಾಗಿದೆಯಂತೆ, ಅಲ್ಲಿಯ ಸ್ಕೂಲಿಗೆ ಹೊಂದಿಕೊಂಡಿದೆ. ನೀನು ಅಪಘಾತದ ಹಿಂದಿನ ವರ್ಷ ಕುರುಡುಮಲೆ ಗಣಪನ ಮುಂದೆ ಉರಿಯುವ ಕರ್ಪೂರ ಮುಟ್ಟಿ ಕುಡಿತ ಬಿಟ್ಟೆಯಲ್ಲ, ಹನ್ನೊಂದು ತಿಂಗಳು ಮುಟ್ಟಲಿಲ್ಲ. "ಗಣಪನ ಮುಂದೆ ಸುಳ್ಳು ಪ್ರಮಾಣ ಮಾಡಿದೋನ ಜೊತೆ ನಾನಿರಲ್ಲ" ಎಂದು ಅವಳು ಹೋದದ್ದು. ಅವಳು ಹೋದ ಸಂಜೆಯೇ ನೀನು ಮತ್ತೆ ಶುರು ಮಾಡಿದೆ. "ಕುಡೀದೆ ಇದ್ದಾಗ್ಲೂ ಕುಡುಕ ಅಂದ್ರಲ್ಲ, ತಗೊಳ್ಳಿ" ಎಂದು ನಡುಮನೆಯಲ್ಲಿ ನಿಂತು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಆರು ತಿಂಗಳು ಹಾಗೇ ಕುಡಿದು, ರಕ್ತ ವಾಂತಿಯಾಗುವವರೆಗೆ ಬಂದೆ, ಆಮೇಲೆ ನಾನು ಮಾಲೂರಿಗೆ ಕರೆದುಕೊಂಡು ಹೋಗಿ ಸೇರಿಸಿದೆ. ಪೈಪು ಸಿಕ್ಕ ದಿನವೇ ಅನಿತಳ ಹತ್ತಿರ ಓಡಬೇಕಿತ್ತು. ಗಾಡಿ ಪೂರ್ತಿಯಾಗಲಿ, ಗಾಡಿಯಲ್ಲೇ ಹೋಗೋಣ ಎಂದು ಮುಂದೂಡಿದೆ. ನಾಳೆ ಹೋಗುತ್ತೇನೆ. ಪೈಪು ತೋರಿಸಿದರೆ ಸಾಕು, ಅವಳು ಬುದ್ಧಿವಂತೆ, ಅರ್ಥ ಮಾಡಿಕೊಳ್ಳುತ್ತಾಳೆ.

ಈ ಸಲ ಮಾವು ಚೆನ್ನಾಗಿ ಹೂ ಬಿಟ್ಟು ಈಗ ಮಿಡಿಯಾಗಿದೆ. ಏಪ್ರಿಲ್ ಕೊನೆಗೆ ಬಾದಾಮಿ ಶುರುವಾಗುತ್ತದೆ. ನನಗೆ ಐವತ್ತಾಗುತ್ತಾ ಬಂತು, ದಿನವೂ ಸ್ಟೇರಿಂಗ್ ಹಿಡಿಯುವ ಶಕ್ತಿ ಇಲ್ಲ. ಬೇರೆ ಡ್ರೈವರ್ ಇಡಬಹುದು, ಕೇಳಿಕೊಂಡು ಇಬ್ಬರು ಬಂದಿದ್ದರು ಕೂಡ. ಬೇಡ ಎಂದೆ. ನಿನ್ನ ಕಾಲಿಗೆ ಒಗ್ಗುವ ಹಾಗೆ ಪೆಡಲ್ ಎತ್ತರ ಇಡಿಸಿದ್ದೇನೆ, ನನಗೆ ಅದು ದೂರ, ಸೀಟಿನ ತುದಿಯಲ್ಲಿ ಕೂತು ಓಡಿಸಬೇಕು. ಹೊಸೂರಿನ ಮೂಟೆ ಅಲ್ಲೇ ಇರಲಿ, ಅದನ್ನು ಹೊರಲು ಬೇರೆಯವರಿದ್ದಾರೆ. ನೀನು ಮನೆಗೆ ಬಾ.

ಹೊತ್ತಿಗೆ ಸರಿಯಾಗಿ ಉಣ್ಣು, ಅಲ್ಲಿಯವರು ಹೇಳಿದ ಮಾತು ಕೇಳು. ಅಮ್ಮ ನಿನ್ನ ತಲೆ ಸವರಿದೆ ಎಂದು ಬರಿ ಅಂದಳು, ಬರೆದಿದ್ದೇನೆ. ಪ್ಯಾರೇಜಾನ್ ಸಲಾಂ ಹೇಳಿದ್ದಾರೆ. ಮುನಿಕೃಷ್ಣ ಏನೂ ಹೇಳಿಲ್ಲ, ಆದರೆ ಕಾಗದ ಬರೀತೀಯಾ ಎಂದು ಎರಡು ಸಲ ಕೇಳಿದ. ಕುರುಡುಮಲೆಯ ಗಣಪ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಕ್ಕ,
ಸುನಂದ

ತಾ.ಕ.: ಗುರುವಾರ. ಅಂಟಿಸಿದ್ದ ಕವರು ಹರಿದು, ಮುಳಬಾಗಿಲಿನ ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಇನ್ನು ಸ್ವಲ್ಪ ಹೊತ್ತಿಗೆ ಟಪಾಲು ಹೋಗುತ್ತದೆ. ಎಲ್ಲರಂತೆ ನಾನೂ ನೀನು ಕುಡಿದಿದ್ದೆ ಅಂದುಕೊಂಡೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅವತ್ತು ಹುಣಸೆಮರದ ಕೆಳಗೆ ಮೊದಲು ಓಡಿಬಂದು ನಿನ್ನ ತಲೆ ತೊಡೆಯ ಮೇಲಿಟ್ಟುಕೊಂಡವಳು ನಾನು. ಹತ್ತು ವರ್ಷದ ಅಭ್ಯಾಸ, ಮೊದಲು ನಿನ್ನ ಬಾಯಿಯ ಹತ್ತಿರವೇ ಬಗ್ಗಿದೆ. ವಾಸನೆ ಇರಲಿಲ್ಲ. ನನಗೆ ಗೊತ್ತಿತ್ತು ಕದಿರೇಶ. ಪೆಡಲ್ ನೆಲಕ್ಕೆ ಹೋಯ್ತು ಎಂದು ನೀನು ಅಂದ ಕ್ಷಣವೇ ಪೈಪಿನ ಮಾತು ನೆನಪಾಯಿತು. ಜನ ಸುತ್ತ ನಿಂತು "ಕುಡ್ದಿದಾನಾ ಅಕ್ಕಾ" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಮುನಿಕೃಷ್ಣನ ಕಡೆಯವರಿಗೆ ಹೆದರಿದೆ. ಕುಡುಕನೆಂದು ಹೆಸರಾದವನಿಗೆ ಇನ್ನೊಂದು ಬೈಗುಳ ಏನು ಮಹಾ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದೆ. ನೀನು ನಮ್ಮ ಕಣ್ಣೆದುರಿಗೇ ಮತ್ತೆ ಕುಡಿಯತೊಡಗಿದಾಗಲೂ ಬಾಯಿ ಬಿಡಲಿಲ್ಲ.

ಇವತ್ತು ಬೆಳಗ್ಗೆ ಅನಿತಳಿಗೆ ಪೈಪು ತೋರಿಸಿ ಬರೋಣ ಎಂದೇ ಹೋದೆ. ತೋರಿಸಿದ ಮೇಲೆ ಅವಳು "ಬಾಯಲ್ಲಿ ವಾಸನೆ ಇತ್ತು ಅಂತ ನೀವೇ ಹೇಳಿದ್ರಲ್ಲಕ್ಕಾ" ಎಂದಳು. ಆಗ ಎಲ್ಲ ಹೇಳಿಬಿಟ್ಟೆ, ಅವರ ಅಪ್ಪ ಅಮ್ಮನ ಎದುರಿಗೇ. ಅವಳದು ಒಂದೇ ಮಾತು, "ಅವ್ರು ನನ್ ಕಾಲು ಹಿಡ್ಕೊಂಡು ಕುಡ್ದಿಲ್ಲ ಅಂದ್ರು, ನಾನ್ ಒದ್ದೆ." ಭಾನುವಾರ ಮೇಘನಳನ್ನು ಕರೆದುಕೊಂಡು ನಿನ್ನನ್ನು ನೋಡಲು ಬರುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೂ ಗಾಡಿಯಲ್ಲಿ ಬರುತ್ತೇನೆ ಎಂದಳು. ನಾನೇ ಓಡಿಸಿಕೊಂಡು ಬರುತ್ತೇನೆ. ಅವರನ್ನು ಒಳಗೆ ಕಳಿಸಿ ಗೇಟಿನ ಹೊರಗೆ ಗಾಡಿಯ ಹತ್ತಿರ ಇರುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನೀನು ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ ಕೀಲಿಯನ್ನು ಮೇಘನಳ ಕೈಯಲ್ಲಿ ಕೊಟ್ಟು ಬಸ್ಸಿಗೆ ಹೋಗುತ್ತೇನೆ, ಯುಗಾದಿಗೆ ನಿನ್ನನ್ನು ಬಿಟ್ಟ ಮೇಲೆ ಅವರನ್ನು ನೀನೇ ಮನೆಗೆ ಕರೆದುಕೊಂಡು ಬರುವ ದಿನದವರೆಗೆ ಗಾಡಿ ಅಲ್ಲೇ ನಿಂತಿರಲಿ.